ಮದುವೆಯಾಗದ ತಂದೆತಾಯಿಯ ಮಗುವಿಗೆ ಕಾನೂನಿನ ಪ್ರಕಾರ ತಂದೆ ಯಾರೆಂದು ಸ್ಥಾಪಿಸುವುದು ಹೇಗೆ?

ಪ್ರಶ್ನೆ: ಮಗುವಿನ ದೊಡ್ಡಮ್ಮ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಪರವಾಗಿ, ಅವಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವಳು ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸ್ ಒಂದರಲ್ಲಿ ಐದು ವರ್ಷ ಕೆಲಸ ಮಾಡಿದಳು. ಅಲ್ಲಿ ಪರಿಚಯವಾದ ಹುಡುಗನ ಜೊತೆ ಎರಡೂವರೆ ವರ್ಷ ಒಂದೇ ಬಾಡಿಗೆ ಮನೆಯಲ್ಲಿ ಇದ್ದಳು. ಬಸುರಿಯಾದ ಮೇಲೆ ಮದುವೆಯ ಮಾತನ್ನು ಇಂದು ನಾಳೆ ಎಂದು ಮುಂದೂಡುತ್ತಲೇ ಬಂದ ಅವನು, ಎಂಟನೇ ತಿಂಗಳಲ್ಲಿ ಊರಿಗೆ ಹೋಗಿ ಬರುತ್ತೇನೆಂದು ಹೋದವನು ಮತ್ತೆ ಬರಲಿಲ್ಲ. ಹೆರಿಗೆ ನಮ್ಮೂರಿನಲ್ಲೇ ಆಯಿತು. ಹೆಣ್ಣು ಮಗು, ಈಗ ಏಳು ತಿಂಗಳು.

ಬೆಂಗಳೂರಿನಲ್ಲಿ ಮಾಡಿಸಿದ ತಾಯಿ ಕಾರ್ಡಿನಲ್ಲಿ ಗಂಡನ ಹೆಸರಿನ ಜಾಗದಲ್ಲಿ ಅವನ ಹೆಸರಿದೆ. ಅಂದು ಅವನೇ ಪಕ್ಕದಲ್ಲಿ ನಿಂತು ಬರೆಸಿದ್ದು. ಆದರೆ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಖಾಲಿ ಇದೆ, ಏಕೆಂದರೆ ಆಸ್ಪತ್ರೆಯಲ್ಲಿ ತಂದೆಯ ಆಧಾರ್ ಕೇಳಿದಾಗ ಕೊಡಲು ನಮ್ಮ ಬಳಿ ಇರಲಿಲ್ಲ. ಹೆರಿಗೆಯಾದ ಮೇಲೆ ಎರಡು ಸಲ ಐದೈದು ಸಾವಿರ ರೂಪಾಯಿಯನ್ನು ಫೋನ್‌ಪೇ ಮಾಡಿದ್ದ. ಈಗ ಅವನ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಮಗು ತನ್ನದಲ್ಲ, ಬೇಕಿದ್ದರೆ ಕೋರ್ಟಿಗೆ ಹೋಗಿ ಎನ್ನುತ್ತಿದ್ದಾನೆ.

ಪ್ರಮಾಣಪತ್ರದಲ್ಲಿ ಅವನ ಹೆಸರನ್ನು ಹಾಕಿಸುವುದು ಹೇಗೆ? ಡಿಎನ್‌ಎ ಪರೀಕ್ಷೆಗೆ ಅವನನ್ನು ಒಪ್ಪಿಸಲು ಸಾಧ್ಯವೇ? ಅವನ ಮದುವೆಯಾಗಿಬಿಟ್ಟರೆ ನಮ್ಮ ದಾರಿ ಮುಚ್ಚಿಹೋಗುತ್ತದೆಯೇ? ತಂಗಿಯ ಫೋನಿನ ಪರದೆ ಒಡೆದಿದೆ, ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ಕೊಳ್ಳುವವಳಿದ್ದಾಳೆ. ಹಳೆಯ ಮೆಸೇಜುಗಳು ಅದರಲ್ಲೇ ಇವೆ ಎಂದು ಈಗಷ್ಟೇ ಹೊಳೆಯಿತು. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ವಕೀಲರು, ಧಾರವಾಡ

ಅಮ್ಮ, ಮೊದಲು ಆ ಫೋನನ್ನು ಯಾರಿಗೂ ಕೊಡಬೇಡಿ. ಒಡೆದ ಪರದೆಯ ಆ ಫೋನು ನಿಮ್ಮ ಮೊಕದ್ದಮೆಯಲ್ಲಿ ದೊಡ್ಡ ಸಾಕ್ಷ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಾಟ್ಸ್‌ಆ್ಯಪ್ ಸಂದೇಶ, ಫೋಟೊ, ಧ್ವನಿಮುದ್ರಣಗಳ ಪ್ರತಿಯನ್ನು ಹಾಜರುಪಡಿಸುವಾಗ ಅವು ಯಾವ ಸಾಧನದಿಂದ ಬಂದವು ಎಂಬ ದೃಢೀಕರಣ ಪತ್ರವನ್ನು ಜೊತೆಗಿಡಬೇಕಾಗುತ್ತದೆ. ಸಾಧನವೇ ಕೈತಪ್ಪಿದರೆ ಆ ಪತ್ರಕ್ಕೆ ಆಧಾರವಿರುವುದಿಲ್ಲ. ಫೋನ್‌ಪೇ ಹಣಕ್ಕೆ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆಸಿ, ಬ್ಯಾಂಕಿನ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಬಾಡಿಗೆ ಕರಾರು ಪತ್ರ, ಗ್ಯಾಸ್ ಪುಸ್ತಕ, ಮನೆ ಮಾಲೀಕರ ಮತ್ತು ಅಕ್ಕಪಕ್ಕದವರ ಹೇಳಿಕೆ, ಇವೆಲ್ಲವೂ ಬೇಕಾಗುತ್ತವೆ. ತಾಯಿ ಕಾರ್ಡಿನ ಮೂಲಪ್ರತಿಯನ್ನು ಯಾರು ಕೇಳಿದರೂ ಕೊಡದೆ ಜೆರಾಕ್ಸ್ ಮಾತ್ರ ಕೊಡಿ.

ಇನ್ನು ಕಾನೂನಿನ ಮಾತು. ಗಂಡಹೆಂಡಿರಿಗೆ ಹುಟ್ಟಿದ ಮಗುವಿನ ತಂದೆ ಯಾರೆಂಬುದನ್ನು ಕಾನೂನು ತಾನಾಗಿಯೇ ಊಹಿಸುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಂ, ಈಗಿನ 116ನೇ ಕಲಂ ಹೇಳುವುದು ಅದನ್ನೇ: ಮದುವೆ ಊರ್ಜಿತವಾಗಿದ್ದಾಗ, ಇಲ್ಲವೇ ಅದು ಮುರಿದು 280 ದಿನಗಳೊಳಗೆ ಮಗು ಹುಟ್ಟಿದರೆ, ತಾಯಿ ಮರುಮದುವೆಯಾಗದೆ ಇದ್ದರೆ, ಆ ಗಂಡನೇ ತಂದೆ. ನಿಮ್ಮ ತಂಗಿಗೆ ಈ ಊಹೆಯ ಆಸರೆಯಿಲ್ಲ. ಆದ್ದರಿಂದ ಸಾಬೀತುಪಡಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಅದೇ ಕಾರಣಕ್ಕೆ ಇಲ್ಲಿ ಒಂದು ಅನುಕೂಲವೂ ಇದೆ. ಸುಪ್ರೀಂ ಕೋರ್ಟ್ ಡಿಎನ್‌ಎ ಪರೀಕ್ಷೆಯನ್ನು ಮತ್ತೆ ಮತ್ತೆ ನಿರಾಕರಿಸಿರುವುದು ಬಹುಪಾಲು ತಾಯಿಗೆ ಬೇರೊಬ್ಬ ಗಂಡನಿದ್ದ, ಪರೀಕ್ಷೆಯಿಂದ ಮಗುವಿನ ಈಗಿರುವ ಸ್ಥಾನವೇ ಅಳಿಸಿಹೋಗುವ ಪ್ರಕರಣಗಳಲ್ಲಿ. 2025ರ ಜನವರಿಯ ಇವಾನ್ ರತಿನಂ ತೀರ್ಪು ಅಂಥದ್ದೇ. ನಿಮ್ಮ ಮಗುವಿಗೆ ಕಳೆದುಕೊಳ್ಳಲು ಅಂಥ ಸ್ಥಾನವೇನೂ ಇಲ್ಲ, ಪಡೆದುಕೊಳ್ಳುವುದಷ್ಟೇ ಇದೆ ಎಂಬುದನ್ನು ನ್ಯಾಯಾಧೀಶರ ಮುಂದೆ ಸ್ಪಷ್ಟವಾಗಿ ಹೇಳಬೇಕು.

ನೀವು ಪ್ರಮಾಣಪತ್ರದಿಂದ ಆರಂಭಿಸಲು ಹೊರಟಿದ್ದೀರಿ. ನನ್ನ ಅನುಭವದಲ್ಲಿ ಅದು ಕೊನೆಯಲ್ಲಿ ಬರಬೇಕಾದದ್ದು. ಅವನೇ ಬಂದು ಸಹಿ ಹಾಕಿದರೆ ಮಾತು ಬೇರೆ. ಅವನು ಅಲ್ಲಗಳೆಯುತ್ತಿರುವಾಗ ಜನನ ನೋಂದಣಾಧಿಕಾರಿಗೆ ತಂದೆ ಯಾರೆಂದು ತೀರ್ಮಾನಿಸುವ ಅಧಿಕಾರವಿಲ್ಲ, ಅವರು ಕೋರ್ಟಿನ ಆದೇಶವನ್ನೇ ಕೇಳುತ್ತಾರೆ. ಮೊದಲು ಹಾಕಬೇಕಾದದ್ದು ಮಗುವಿನ ಜೀವನಾಂಶದ ಅರ್ಜಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿರುವ ನಿಯಮವು ಮದುವೆಯಲ್ಲಿ ಹುಟ್ಟಿದ ಮಗು, ಮದುವೆಯ ಹೊರಗೆ ಹುಟ್ಟಿದ ಮಗು ಎರಡಕ್ಕೂ ತಂದೆಯಿಂದ ಜೀವನಾಂಶ ಪಡೆಯುವ ಹಕ್ಕನ್ನು ಒಂದೇ ವಾಕ್ಯದಲ್ಲಿ ಕೊಟ್ಟಿದೆ. ತಂಗಿಗೆ ಹೆಂಡತಿಯೆಂಬ ಸ್ಥಾನ ಸಿಗದಿದ್ದರೂ ಮಗುವಿನ ಹಕ್ಕಿಗೆ ಅದರಿಂದ ಧಕ್ಕೆಯಿಲ್ಲ. ಅವನು ನಾಳೆ ಬೇರೆ ಮದುವೆಯಾದರೂ ಈ ಹಕ್ಕು ಹಾಗೆಯೇ ಉಳಿಯುತ್ತದೆ.

ಆ ಅರ್ಜಿಯಲ್ಲಿ ಅವನು 'ಮಗು ನನ್ನದಲ್ಲ' ಎಂದು ತಕರಾರು ಸಲ್ಲಿಸುತ್ತಾನೆ. ಆಗ ಡಿಎನ್‌ಎ ಪರೀಕ್ಷೆ ಕೋರಿ ಮಧ್ಯಂತರ ಅರ್ಜಿ ಹಾಕಬೇಕು. 1993ರ ಗೌತಮ್ ಕುಂಡು ತೀರ್ಪಿನಿಂದ ಇಂದಿನವರೆಗೂ ನಿಯಮ ಒಂದೇ: ಕೇಳಿದ ಮಾತ್ರಕ್ಕೆ ಪರೀಕ್ಷೆಗೆ ಆದೇಶವಾಗುವುದಿಲ್ಲ, ಮೇಲ್ನೋಟಕ್ಕೆ ಬಲವಾದ ಆಧಾರ ಇರಬೇಕು. ಫೋನು, ಕಾರ್ಡು, ಕರಾರು ಪತ್ರ ಎಂದು ನಾನು ಪಟ್ಟಿ ಹೇಳಿದ್ದು ಇದಕ್ಕಾಗಿಯೇ. ಆದೇಶವಾದ ಮೇಲೂ ಅವನು ರಕ್ತ ಕೊಡಲು ನಿರಾಕರಿಸಿದರೆ, ಪರೀಕ್ಷೆಯ ಫಲಿತಾಂಶ ಅವನಿಗೆ ವಿರುದ್ಧವಾಗಿಯೇ ಬರುತ್ತಿತ್ತು ಎಂದು ನ್ಯಾಯಾಲಯ ಭಾವಿಸಬಹುದು. 2003ರ ಶಾರದಾ ಮತ್ತು ಧರ್ಮಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಉತ್ತರ ಪ್ರದೇಶ ಮತ್ತು ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದ ಎನ್.ಡಿ. ತಿವಾರಿ ಅವರ ಮೇಲೆ ರೋಹಿತ್ ಶೇಖರ್ 2008ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆ ಹಲವರಿಗೆ ನೆನಪಿರಬಹುದು. ತಿವಾರಿಯವರು ವರ್ಷಗಟ್ಟಲೆ ರಕ್ತ ಕೊಡಲು ಒಪ್ಪದಿದ್ದಾಗ, ಬೇಕಾದರೆ ಪೊಲೀಸರ ನೆರವು ಪಡೆಯಬಹುದೆಂದು ಹೈಕೋರ್ಟ್ 2012ರಲ್ಲಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಡೆಹ್ರಾಡೂನಿನ ಮನೆಯಲ್ಲೇ ರಕ್ತದ ಮಾದರಿ ತೆಗೆದರು, ಜುಲೈನಲ್ಲಿ ಫಲಿತಾಂಶ ಹೊರಬಿದ್ದು ಅವರೇ ತಂದೆ ಎಂದು ಖಚಿತವಾಯಿತು.

ಎಲ್ಲಿ ಅರ್ಜಿ ಹಾಕಬೇಕೆಂಬುದನ್ನು ಅವಸರದಲ್ಲಿ ತೀರ್ಮಾನಿಸಬೇಡಿ. ಕಾನೂನು ಹೆಂಡತಿಗೆ ತಾನು ಈಗ ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕುವ ಅನುಕೂಲ ಕೊಟ್ಟಿದೆ. ಆದರೆ ಮದುವೆಯಾಗದ ತಾಯಿಯ ವಿಷಯದಲ್ಲಿ ಅದರ ಅಕ್ಷರ ಹೇಳುವುದು, ಅವನು ಇರುವ ಊರು ಅಥವಾ ಅವರಿಬ್ಬರೂ ಕೊನೆಯದಾಗಿ ಒಟ್ಟಿಗೆ ವಾಸವಿದ್ದ ಊರು ಎಂದು. ಹಾಗಾಗಿ ಹಾವೇರಿಯಲ್ಲಿ ಹಾಕಿದರೆ ಅವನ ವಕೀಲರು ಮೊದಲ ವಾಯಿದೆಯಲ್ಲೇ ಈ ತಕರಾರು ಎತ್ತುತ್ತಾರೆ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯವೇ ಸುರಕ್ಷಿತ. ಅಷ್ಟು ದೂರ ಓಡಾಡುವುದು ಕಷ್ಟವೆನಿಸಿದರೆ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ, ತಂಗಿ ಈಗಿರುವ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲೇ ಹಣಕಾಸಿನ ಪರಿಹಾರ ಕೇಳಲು ಅವಕಾಶವಿದೆ. ಆದರೆ ಅಲ್ಲಿ ಅವರ ಸಂಬಂಧ ಮದುವೆಯ ಸ್ವರೂಪದ್ದಾಗಿತ್ತು ಎಂದು ತೋರಿಸಬೇಕಾಗುತ್ತದೆ. ಎರಡೂವರೆ ವರ್ಷ ಒಂದೇ ಮನೆಯಲ್ಲಿ ಬಹಿರಂಗವಾಗಿ ಸಂಸಾರ ಹೂಡಿದ್ದು ಅದಕ್ಕೆ ಒಳ್ಳೆಯ ಆಧಾರ.

ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರು ಸಿಗುತ್ತಾರೆ. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. 15100ಕ್ಕೂ ಕರೆ ಮಾಡಬಹುದು.

ಉತ್ತರ: ಇದೇ ದಾರಿಯಲ್ಲಿ ನಡೆದ ಒಬ್ಬ ತಾಯಿ, ಮೈಸೂರು

ಅಕ್ಕ, ನಿಮ್ಮ ತಂಗಿಗೆ ಇದನ್ನು ಓದಿ ಹೇಳಿ. ನಾನು ನನ್ನ ಮಗನಿಗಾಗಿ ಇದೇ ಮೊಕದ್ದಮೆ ನಡೆಸಿದೆ. ಅರ್ಜಿ ಹಾಕಿದ ದಿನದಿಂದ ಡಿಎನ್‌ಎ ವರದಿ ಬರುವವರೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಾನು ಮೊದಲು ಮಾಡಿದ ತಪ್ಪನ್ನು ಹೇಳುತ್ತೇನೆ. ಯಾರೋ ಹೇಳಿದರೆಂದು, ಅವನು ಬಳಸಿ ಬಿಟ್ಟುಹೋಗಿದ್ದ ರೇಜರ್ ಮತ್ತು ಬ್ರಷ್ಷನ್ನು ಒಂದು ಖಾಸಗಿ ಲ್ಯಾಬಿಗೆ ಕಳಿಸಿ ಸಾವಿರಾರು ರೂಪಾಯಿ ಕಳೆದುಕೊಂಡೆ. ವರದಿಯೇನೋ ನನ್ನ ಪರವಾಗಿಯೇ ಬಂತು. ಆದರೆ ಆ ಬ್ರಷ್ಷು ಅವನದೇ ಎಂಬುದಕ್ಕೆ ಏನು ಪುರಾವೆ ಎಂದು ಎದುರು ವಕೀಲರು ಒಂದು ಮಾತು ಕೇಳಿದ್ದೇ ತಡ, ಆ ಕಾಗದಕ್ಕೆ ಬೆಲೆಯಿಲ್ಲದಂತಾಯಿತು. ನ್ಯಾಯಾಲಯದ ಆದೇಶವಿಲ್ಲದೆ ಗುಟ್ಟಾಗಿ ಮಾಡಿಸುವ ಪರೀಕ್ಷೆಗೆ ದಯವಿಟ್ಟು ಕೈಹಾಕಬೇಡಿ.

ಆದೇಶವಾದ ಮೇಲೆ ಮಾದರಿ ತೆಗೆಯುವ ದಿನ ನಾವು ಮೂವರೂ ಒಂದೇ ಆಸ್ಪತ್ರೆಗೆ ಹೋಗಬೇಕಾಯಿತು: ನಾನು, ಮಗು, ಅವನು. ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ನಮೂನೆ ತುಂಬಿ, ಫೋಟೊ ಅಂಟಿಸಿ, ಫೋಟೊದ ಅಂಚಿಗೆ ತಾಗುವಂತೆ ಸಹಿ ಮತ್ತು ಹೆಬ್ಬೆರಳಿನ ಗುರುತು ಹಾಕಿಸಿದರು. ಮಗನ ಎಡಗೈ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಗೆ ಒತ್ತಿದೆ. ಮಗನ ರಕ್ತವನ್ನು ಒಂದು ದಪ್ಪ ಕಾಗದದ ಕಾರ್ಡಿನ ಮೇಲೆ ಹನಿಹನಿಯಾಗಿ ಇಳಿಸಿದರು, ಒಣಗುವವರೆಗೆ ಕಾದರು, ಲಕೋಟೆಗೆ ಹಾಕಿ ನಮ್ಮೆಲ್ಲರ ಎದುರಿನಲ್ಲೇ ಅರಗು ಹಾಕಿ ಮುಚ್ಚಿದರು. ಮಗ ಅತ್ತ. ಅವನು ಕಾರಿಡಾರಿನ ಆ ತುದಿಯ ಕಿಟಕಿಯ ಬಳಿ ನಿಂತಿದ್ದ, ಒಂದು ಸಲವೂ ಈ ಕಡೆ ತಿರುಗಲಿಲ್ಲ. ಲಕೋಟೆಗಳು ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. ಕೆಲವರ ಮಾದರಿಗಳನ್ನು ಡಿಎನ್‌ಎ ಪರೀಕ್ಷೆ ನಡೆಸುವ ಹೈದರಾಬಾದಿನ ಸಿಡಿಎಫ್‌ಡಿ ಕೇಂದ್ರಕ್ಕೂ ಕಳಿಸುತ್ತಾರೆ.

ವರದಿಗಿಂತ ಹೆಚ್ಚು ಕಷ್ಟವಾದದ್ದು ಪಾಟೀಸವಾಲು. ಬೇರೆ ಯಾರ ಜೊತೆ ಓಡಾಡುತ್ತಿದ್ದೆ, ರಾತ್ರಿ ಪಾಳಿ ಮುಗಿಸಿ ಯಾರ ಬೈಕಿನಲ್ಲಿ ಬರುತ್ತಿದ್ದೆ ಎಂದೆಲ್ಲ ಕೇಳಿದರು. ತುಂಬಿದ ಹಾಲ್‌ನಲ್ಲಿ ಇದಕ್ಕೆ ಉತ್ತರಿಸುವುದನ್ನು ನೆನೆದೇ ನನಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಆಮೇಲೆ ತಿಳಿಯಿತು, ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 11ನೇ ಕಲಮಿನ ಪ್ರಕಾರ ಇಬ್ಬರಲ್ಲಿ ಒಬ್ಬರು ಬಯಸಿದರೂ ಸಾಕು, ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಬೇಕು. ನನ್ನ ವಕೀಲರು ಒಂದು ಮೆಮೊ ಕೊಟ್ಟರು, ಎಲ್ಲರನ್ನೂ ಹೊರಗೆ ಕಳಿಸಿದರು. ನಿಮ್ಮ ತಂಗಿಯ ಸರದಿ ಬಂದಾಗ ಇದನ್ನು ಕೇಳಲು ಮರೆಯಬೇಡಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ವರದಿ ಬರುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಮಧ್ಯಂತರ ಜೀವನಾಂಶಕ್ಕೂ ಅರ್ಜಿ ಹಾಕಬಹುದು, ನೋಟಿಸ್ ಜಾರಿಯಾದ 60 ದಿನಗಳೊಳಗೆ ಅದನ್ನು ಸಾಧ್ಯವಾದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನಿನಲ್ಲೇ ಇದೆ. ನನಗೆ ಅಷ್ಟು ಬೇಗ ಸಿಗಲಿಲ್ಲ, ಆದರೆ ಸಿಕ್ಕಿತು. ಆ ಹಣದಲ್ಲಿ ಮಗನ ಹಾಲಿನ ಲೆಕ್ಕ ತೀರುತ್ತಿತ್ತು.

ಮತ್ತೆ ಮಗುವಿನ ದೊಡ್ಡಮ್ಮ

ಇಬ್ಬರಿಗೂ ಕೈಮುಗಿಯುತ್ತೇನೆ. ತಂಗಿಗೆ ಎರಡನ್ನೂ ಓದಿ ಹೇಳಿದೆ, ಆಸ್ಪತ್ರೆಯ ವಿಷಯ ಬಂದಾಗ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಇದುವರೆಗೆ ನನಗೂ ಹೇಳದ ಒಂದು ಮಾತು ಹೇಳಿದಳು. ಬಸುರಿಯಾದ ಎರಡನೇ ತಿಂಗಳಿನಲ್ಲಿ ಇಬ್ಬರೂ ಊರ ಹೊರಗಿನ ಒಂದು ದೇವಸ್ಥಾನಕ್ಕೆ ಹೋಗಿ ಹಾರ ಬದಲಾಯಿಸಿಕೊಂಡರಂತೆ, ಅವನು ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಕಟ್ಟಿದನಂತೆ. ಅವನ ಸ್ನೇಹಿತನೊಬ್ಬ ತೆಗೆದ ಫೋಟೊ ಇದೆ. ಇದಕ್ಕೆ ಬೆಲೆಯಿದೆಯೇ? ಇನ್ನೊಂದು ವಿಷಯ, ಅವನ ಕಡೆ ನಾಲ್ಕು ಎಕರೆ ಪಿತ್ರಾರ್ಜಿತ ನೀರಾವರಿ ಜಮೀನು ಇದೆ. ಡಿಎನ್‌ಎಯಿಂದ ಅವನೇ ತಂದೆ ಎಂದು ಸಾಬೀತಾದರೆ ಮಗುವಿಗೆ ಅದರಲ್ಲಿ ಪಾಲು ಬರುತ್ತದೆಯೇ ಎಂದು ನಮ್ಮ ಅಪ್ಪ ಕೇಳುತ್ತಿದ್ದಾರೆ.

ಉತ್ತರ: ವಕೀಲರು, ಧಾರವಾಡ

ಆ ಫೋಟೊದಿಂದ ಮೊಕದ್ದಮೆಯ ಸ್ವರೂಪವೇ ಬದಲಾಗಬಹುದು. ಅದನ್ನು ಮೊದಲೇ ಕೇಳದೆ ಹೋದದ್ದು ನನ್ನ ಲೋಪ.

ನಿಮ್ಮ ತಂದೆಯವರ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಅವನು ತಂದೆ ಎಂದು ಸಾಬೀತಾಗುವುದು ಬೇರೆ, ಮಗು ಅವನಿಗೆ ವಾರಸುದಾರಳಾಗುವುದು ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 3ನೇ ಕಲಂ ಮದುವೆಯ ಹೊರಗೆ ಹುಟ್ಟಿದ ಮಕ್ಕಳನ್ನು ತಾಯಿಗೆ ಸಂಬಂಧಿಕರೆಂದು ಪರಿಗಣಿಸುತ್ತದೆ, ತಂದೆಗಲ್ಲ. ಹೀಗಾಗಿ ಮದುವೆಯೇ ನಡೆದಿಲ್ಲವೆಂದಾದರೆ, ಡಿಎನ್‌ಎ ವರದಿ ನೂರಕ್ಕೆ ನೂರು ಹೊಂದಿಕೆಯಾದರೂ ಮಗುವಿಗೆ ಜೀವನಾಂಶ ಸಿಗುತ್ತದೆಯೇ ಹೊರತು ಜಮೀನಿನಲ್ಲಿ ಪಾಲು ಸಿಗುವುದಿಲ್ಲ. ಅವನು ತನ್ನ ಸ್ವಯಾರ್ಜಿತ ಆಸ್ತಿಯನ್ನು ಉಯಿಲು ಬರೆದುಕೊಟ್ಟರೆ ಮಾತ್ರ ಬೇರೆ. ಇದು ಮಗುವಿಗೆ ಆಗುವ ಅನ್ಯಾಯವೆಂದೇ ನಾನು ನಂಬಿದ್ದೇನೆ, ಆದರೆ ಇಂದಿನ ಕಾನೂನು ಹೀಗಿದೆ.

ಮದುವೆಯೊಂದು ನಡೆದಿದ್ದು, ಅದು ಕಾನೂನಿನ ಯಾವುದೋ ಕಾರಣಕ್ಕೆ ಅಸಿಂಧುವಾಗಿದ್ದರೆ, ಉದಾಹರಣೆಗೆ ಅವನಿಗೆ ಆಗಲೇ ಹೆಂಡತಿಯಿದ್ದರೆ, ಮಗುವಿನ ಸ್ಥಾನ ಪೂರ್ತಿ ಬೇರೆಯಾಗುತ್ತದೆ. ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಅಂಥ ಮಕ್ಕಳನ್ನು ಔರಸ ಮಕ್ಕಳೆಂದೇ ಪರಿಗಣಿಸುತ್ತದೆ. ಇವರ ಪಾಲಿನ ಬಗ್ಗೆ ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿದ್ದು ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಪ್ರಕರಣದಲ್ಲಿ. 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ದೊಡ್ಡ ಪೀಠಕ್ಕೆ ಒಪ್ಪಿಸಿದ ಪ್ರಶ್ನೆಗೆ 2023ರ ಸೆಪ್ಟೆಂಬರ್ 1ರಂದು ಮೂವರ ಪೀಠ ಉತ್ತರ ಕೊಟ್ಟಿತು: ಇಂಥ ಮಕ್ಕಳು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕುದಾರರಾಗುವುದಿಲ್ಲ, ಆದರೆ ತಂದೆ ತೀರಿಕೊಳ್ಳುವ ಮುನ್ನ ಪಾಲಾಗಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಆ ಭಾಗದಲ್ಲಿ ಉಳಿದ ಮಕ್ಕಳಂತೆಯೇ ಪಾಲು ಪಡೆಯುತ್ತಾರೆ.

ನಿಮ್ಮ ತಂಗಿಯ ವಿಷಯದಲ್ಲಿ ಇಬ್ಬರಿಗೂ ಮೊದಲು ಮದುವೆಯಾಗಿರಲಿಲ್ಲ. ಹಾಗಿದ್ದರೆ ಪ್ರಶ್ನೆ ಒಂದೇ: ಆ ದಿನ ದೇವಸ್ಥಾನದಲ್ಲಿ ನಡೆದದ್ದು ಇಬ್ಬರಲ್ಲಿ ಒಬ್ಬರ ಸಮುದಾಯದ ವಾಡಿಕೆಯಂತೆ ಮದುವೆಯೇ ಹೌದೇ? ಹೌದು ಎಂದಾದರೆ ತಂಗಿ ಕಾನೂನುಬದ್ಧ ಹೆಂಡತಿ, ಮಗು ಮದುವೆಯಲ್ಲಿ ಹುಟ್ಟಿದ ಮಗು, ನಾನು ಮೊದಲು ಹೇಳಿದ 116ನೇ ಕಲಮಿನ ಊಹೆ ನಿಮ್ಮ ಪರವಾಗಿ ನಿಲ್ಲುತ್ತದೆ. ಆದರೆ ಬರಿಯ ಹಾರ ಬದಲಾಯಿಸಿಕೊಂಡ ಫೋಟೊ ಇದ್ದರೆ ಸಾಲದು. ವಾಡಿಕೆಯ ಶಾಸ್ತ್ರಗಳು ನಡೆಯದ ಮದುವೆ ಹಿಂದೂ ಮದುವೆಯಾಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒತ್ತಿ ಹೇಳಿದೆ. ಆ ದಿನ ಅರ್ಚಕರು ಇದ್ದರೇ, ದೇವಸ್ಥಾನದಲ್ಲಿ ರಸೀದಿ ಬರೆದರೇ, ಸ್ನೇಹಿತ ಸಾಕ್ಷಿ ಹೇಳುತ್ತಾನೆಯೇ, ನಿಮ್ಮ ಸಮುದಾಯದಲ್ಲಿ ಅರಿಶಿನದ ಕೊಂಬು ಕಟ್ಟುವುದನ್ನೇ ಮದುವೆ ಎನ್ನುತ್ತಾರೆಯೇ, ಇವನ್ನು ತಂಗಿಯಿಂದ ನಿಧಾನವಾಗಿ ಕೇಳಿ ಬರೆದಿಡಿ. ಇಲ್ಲದ್ದನ್ನು ಒಂದಕ್ಷರವೂ ಸೇರಿಸಬೇಡಿ. ಅರ್ಜಿಯಲ್ಲಿ ಮದುವೆಯ ಸಂಗತಿಯನ್ನೂ, ಅದು ಸಾಬೀತಾಗದಿದ್ದರೂ ಮಗುವಿಗೆ ಇರುವ ಸ್ವತಂತ್ರ ಹಕ್ಕನ್ನೂ ಎರಡನ್ನೂ ಸೇರಿಸಿ ಬರೆಯುವಂತೆ ನಿಮ್ಮ ವಕೀಲರಿಗೆ ಹೇಳಿ.

ಜೀವನಾಂಶದ ಅರ್ಜಿಯಲ್ಲಿ ಬರುವ ತೀರ್ಮಾನ ಸಂಕ್ಷಿಪ್ತ ವಿಚಾರಣೆಯದ್ದು ಎಂಬುದನ್ನೂ ನೆನಪಿಡಿ. ಮಗುವಿನ ಸ್ಥಾನಮಾನ ಶಾಶ್ವತವಾಗಿ ಘೋಷಣೆಯಾಗಬೇಕಾದರೆ ತಾಯಿ ಪಾಲಕಳಾಗಿ ಮಗುವಿನ ಪರವಾಗಿ ಘೋಷಣಾ ದಾವೆಯನ್ನು ಪ್ರತ್ಯೇಕವಾಗಿ ಹೂಡಬೇಕು. ಆ ಡಿಕ್ರಿ ಕೈಗೆ ಬಂದ ಮೇಲೆ ಜನನ ಪ್ರಮಾಣಪತ್ರದ ತಿದ್ದುಪಡಿ ಸುಲಭ.

ಉತ್ತರ: ಶಾಲಾ ಶಿಕ್ಷಕ, ಕೊಪ್ಪಳ ಜಿಲ್ಲೆ

ನಾನು ದೇವದಾಸಿ ತಾಯಿಯ ಮಗ. ಒಂದನೇ ತರಗತಿಗೆ ಸೇರಿಸುವಾಗ ತಂದೆಯ ಹೆಸರಿನ ಕಡೆ ನನ್ನ ಸೋದರಮಾವನ ಹೆಸರನ್ನು ಬರೆಸಿದರು, ಆ ದಿನಗಳಲ್ಲಿ ನಮ್ಮ ಓಣಿಯ ಬಹಳಷ್ಟು ಮಕ್ಕಳಿಗೆ ಹಾಗೆಯೇ ಬರೆಸುತ್ತಿದ್ದರು. ಆ ಒಂದು ಸುಳ್ಳನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ತೆಗೆಸಲು ನಾನು ದೊಡ್ಡವನಾದ ಮೇಲೆ ನಾಲ್ಕು ವರ್ಷ ಅಲೆದೆ. ಆದ್ದರಿಂದ ಅಕ್ಕ, ಮೊಕದ್ದಮೆ ಮುಗಿಯುವವರೆಗೆ ಮಗುವಿನ ಪ್ರಮಾಣಪತ್ರದ ಆ ಜಾಗ ಖಾಲಿಯೇ ಇರಲಿ. ಯಾರೋ ಸಲಹೆ ಕೊಟ್ಟರೆಂದು ನಿಮ್ಮ ಅಪ್ಪನ ಹೆಸರನ್ನೋ ನಿಮ್ಮ ಯಜಮಾನರ ಹೆಸರನ್ನೋ ಬರೆಸಬೇಡಿ.

ಖಾಲಿ ಇದ್ದರೆ ಮಗುವಿಗೆ ಮುಂದೆ ತೊಂದರೆಯಾಗುತ್ತದೆಂಬ ಭಯ ನಿಮಗಿರಬಹುದು. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ತಂದೆಯ ಹೆಸರಿಲ್ಲದೆಯೇ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲೇ ಹೇಳಿದೆ; ಆ ಪ್ರಕರಣದಲ್ಲಿ ತಾಯಿಯ ಗುರುತು ಹೊರಬೀಳಬಾರದೆಂದು ಹೆಸರಿನ ಬದಲು ಎಬಿಸಿ ಎಂದಷ್ಟೇ ಬರೆದಿದ್ದಾರೆ. ಪಾಸ್‌ಪೋರ್ಟ್ ಅರ್ಜಿಗೆ 2016ರ ಡಿಸೆಂಬರ್‌ನಿಂದ ತಂದೆತಾಯಿಯರಲ್ಲಿ ಒಬ್ಬರ ಹೆಸರು ಸಾಕು. ಪ್ಯಾನ್ ಕಾರ್ಡಿಗೂ, ತಾಯಿ ಒಬ್ಬಂಟಿ ಪೋಷಕಿಯಾಗಿದ್ದರೆ, 2018ರ ಡಿಸೆಂಬರ್‌ನಿಂದ ತಂದೆಯ ಹೆಸರು ಕಡ್ಡಾಯವಲ್ಲ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಸಹಜ ಪಾಲಕಿ, ತಂದೆ ಅವಳ ನಂತರ ಎಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಲ್ಲೇ ಬರೆದಿದೆ. ಹೀಗಾಗಿ ಅವನ ಹೆಸರು ದಾಖಲಾದ ಮರುದಿನ ಅವನು ಬಂದು ಮಗುವನ್ನು ಎತ್ತಿಕೊಂಡು ಹೋಗುವಂತಿಲ್ಲ. ನಿಮ್ಮ ತಂಗಿಗೆ ಈ ಭಯವಿದ್ದರೆ ಅದನ್ನೂ ಹೇಳಿ ತೆಗೆಯಿರಿ.

ನಮ್ಮ ಕಡೆಯವರಿಗೆ 2025ರಲ್ಲಿ ವಿಧಾನಮಂಡಲ ಒಪ್ಪಿದ ದೇವದಾಸಿ ಮಸೂದೆಯಲ್ಲಿ, ಮಕ್ಕಳು ತಮ್ಮ ತಂದೆಯನ್ನು ಗುರುತಿಸಿಕೊಡುವಂತೆ ಕೇಳುವ ಹಕ್ಕು ಮತ್ತು ತಂದೆಯ ಆಸ್ತಿಯಲ್ಲಿ ಹಕ್ಕು ಎರಡೂ ಸೇರಿದವು. ನನ್ನ ತಾಯಿಗೆ ಇದನ್ನು ಓದಿ ಹೇಳಿದಾಗ, ಅವರು ಕೇಳಿದ್ದು ಆಸ್ತಿಯನ್ನಲ್ಲ; 'ಹಂಗಾದ್ರ ಇನ್ನ ಮ್ಯಾಲ ಕೂಸುಗಳಿಗೆ ಸಾಲ್ಯಾಗ ಮಾವನ ಹೆಸರು ಬರಸೂದು ಬ್ಯಾಡೇನು?' ಎಂದು ಕೇಳಿದರು.

ಮತ್ತೆ ಮಗುವಿನ ದೊಡ್ಡಮ್ಮ

ನೀವೆಲ್ಲ ಬರೆದದ್ದನ್ನು ತಂಗಿ ತಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ದೇವಸ್ಥಾನದಲ್ಲಿ ಐವತ್ತೊಂದು ರೂಪಾಯಿಯ ರಸೀದಿ ಬರೆದಿದ್ದರು, ಅದು ಬೆಂಗಳೂರಿನಿಂದ ತಂದ ಬಟ್ಟೆಗಳ ಚೀಲದಲ್ಲಿ ಇರಬಹುದು ಎಂದಳು, ನಿನ್ನೆ ರಾತ್ರಿ ಇಬ್ಬರೂ ಕೂತು ಹುಡುಕಿದೆವು. ರಸೀದಿ ಸಿಗಲಿಲ್ಲ, ಆದರೆ ಬಾಡಿಗೆ ಕರಾರು ಪತ್ರ ಸಿಕ್ಕಿತು, ಅದರಲ್ಲಿ ಇಬ್ಬರ ಸಹಿಯೂ ಇದೆ. ಸೋಮವಾರ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಬೆಂಗಳೂರಿನಲ್ಲಿ ಅರ್ಜಿ ಹಾಕಲು ಅಲ್ಲಿನ ವಕೀಲರನ್ನು ಗೊತ್ತುಮಾಡಿಕೊಡುವಂತೆ ಕೇಳುತ್ತೇವೆ. ಒಡೆದ ಫೋನನ್ನು ಸ್ವಿಚ್ ಆಫ್ ಮಾಡಿ, ತಾಯಿ ಕಾರ್ಡು ಮತ್ತು ಕರಾರು ಪತ್ರದ ಜೊತೆ ಒಂದೇ ಬಟ್ಟೆಯಲ್ಲಿ ಸುತ್ತಿ ನಮ್ಮ ಅವ್ವನ ಟ್ರಂಕಿನಲ್ಲಿ ಇಟ್ಟಿದ್ದೇವೆ.